ಗೂಡಿನ ಅವಸರ, ಷೇರಿನ ಸಾವಧಾನ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಕಾಲಿಟ್ಟವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಗೂಡು ತಂದ ರೈತನ ಮುಖದಲ್ಲಿ ಅವಸರ. ಕೊಳ್ಳಲು ಬಂದ ನೂಲು ಬಿಚ್ಚುವವನ ಮುಖದಲ್ಲಿ ಸಾವಧಾನ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಗೂಡು ಕಟ್ಟಿ ಮುಗಿಸಿದ ಹುಳು ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ, ಗೂಡನ್ನು ಕೊರೆದು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಾರದು. ಆದುದರಿಂದ ಇಂದಿನ ಧಾರಣೆ ಚೆನ್ನಾಗಿಲ್ಲವೆಂದು ರೈತನು ಮುಂದಿನ ತಿಂಗಳವರೆಗೆ ಕಾಯುವಂತಿಲ್ಲ. ಅಂದಿನ ಹರಾಜಿನಲ್ಲಿ ಏನು ಬಂದೀತೋ ಅದೇ ಅವನ ಪಾಲು.

ಏಷ್ಯದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ಈ ಗೂಡಿನ ಪೇಟೆಯಿಂದ ಮನೆಗೆ ಹೋಗುವ ಹಣ ಹಿಂದೆಲ್ಲ ಎಲ್ಲಿ ಸೇರುತ್ತಿತ್ತೆಂಬುದು ಎಲ್ಲರಿಗೂ ತಿಳಿದದ್ದೇ. ಸ್ವಲ್ಪ ಚೀಟಿಗೆ, ಸ್ವಲ್ಪ ಚಿನ್ನಕ್ಕೆ, ಕೈಯಲ್ಲಿ ಇನ್ನೂ ಉಳಿದರೆ ಬೆಂಗಳೂರಿನ ದಿಕ್ಕಿಗೆ ಒಂದು ನಿವೇಶನಕ್ಕೆ. ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವವನದೂ, ಮಾಗಡಿಯ ರಾಗಿ ಬೆಳೆಗಾರನದೂ, ಕನಕಪುರದ ಕಲ್ಲಿನ ವ್ಯಾಪಾರಿಯದೂ ಹೆಚ್ಚು ಕಡಿಮೆ ಇದೇ ಪದ್ಧತಿ. ಈಗ ಆ ಸಾಲಿಗೆ ಮತ್ತೊಂದು ಸೇರಿದೆ. ಕೈಯಲ್ಲಿರುವ ದೂರವಾಣಿಯ ಗಾಜನ್ನು ನಾಲ್ಕು ಸಲ ಮುಟ್ಟಿದರೆ ತಿಂಗಳಿಗೆ ಐನೂರು ರೂಪಾಯಿ ಮ್ಯೂಚುಯಲ್ ಫಂಡಿಗೆ ಹೋಗಿ ಸೇರುತ್ತದೆ. ಹೀಗೆ ಸೇರಿಸುವವರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆಯೇ ಲಾರ್ಜ್ ಕ್ಯಾಪ್ ನಿಧಿಯೋ, ಸ್ಮಾಲ್ ಕ್ಯಾಪ್ ನಿಧಿಯೋ ಎಂಬುದು. ದೊಡ್ಡ ಕಂಪೆನಿಗಳ ಷೇರು ಕೊಳ್ಳುವ ನಿಧಿ ಒಂದು, ಸಣ್ಣ ಕಂಪೆನಿಗಳ ಷೇರು ಕೊಳ್ಳುವ ನಿಧಿ ಇನ್ನೊಂದು. ಇವುಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಯಾವುದು?

ಉತ್ತರಕ್ಕೆ ಮುಂಚೆ, ದೊಡ್ಡದು ಸಣ್ಣದು ಎಂಬುದನ್ನು ಅಳೆಯುವವರು ಯಾರು ಎಂಬುದನ್ನು ತಿಳಿಯುವುದು ಒಳ್ಳೆಯದು. 2017ರ ಅಕ್ಟೋಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಇದಕ್ಕೊಂದು ಗೆರೆ ಎಳೆಯಿತು. ಒಂದು ಕಂಪೆನಿಯ ಎಲ್ಲ ಷೇರುಗಳನ್ನೂ ಪೇಟೆಯ ಬೆಲೆಯಿಂದ ಗುಣಿಸಿದರೆ ಬರುವ ಮೊತ್ತದ ಕ್ರಮದಲ್ಲಿ ಮೊದಲ 100 ಕಂಪೆನಿಗಳು ಲಾರ್ಜ್ ಕ್ಯಾಪ್. 101ರಿಂದ 250ರವರೆಗಿನವು ಮಿಡ್ ಕ್ಯಾಪ್. 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ನಿಧಿಯು ತನ್ನ ಹಣದಲ್ಲಿ ಕನಿಷ್ಠ ಶೇಕಡ 80 ಭಾಗವನ್ನು ಮೊದಲ ಗುಂಪಿನಲ್ಲಿಯೂ, ಸ್ಮಾಲ್ ಕ್ಯಾಪ್ ನಿಧಿಯು ಕನಿಷ್ಠ ಶೇಕಡ 65 ಭಾಗವನ್ನು ಕೊನೆಯ ಗುಂಪಿನಲ್ಲಿಯೂ ಹೂಡತಕ್ಕದ್ದು. ಆರು ತಿಂಗಳಿಗೊಮ್ಮೆ ಪಟ್ಟಿ ಹೊಸದಾಗುತ್ತದೆ. ಸಣ್ಣದು ಎಂದೊಡನೆ ಬೀದಿಯ ತಿರುವಿನ ಅಂಗಡಿಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. 2024ರ ಕೊನೆಯ ಲೆಕ್ಕದಲ್ಲಿ 250ನೆಯ ಕಂಪೆನಿಯ ಬೆಲೆ ಸುಮಾರು 33 ಸಾವಿರ ಕೋಟಿ ರೂಪಾಯಿ. ಅದಕ್ಕಿಂತ ಕೆಳಗಿನವರೆಲ್ಲರೂ 'ಸಣ್ಣವರು'! ನೂರನೆಯ ಕಂಪೆನಿಯದು ಲಕ್ಷ ಕೋಟಿಯ ಆಸುಪಾಸು.

ಈ ಎರಡು ಜಾತಿಗಳನ್ನೂ ನೋಡಲು ಮುಂಬಯಿಗೆ ಹೋಗಬೇಕಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆಯೊಳಗೇ ಎರಡೂ ಇವೆ. ಮೈಸೂರು ರಸ್ತೆಯ ಬಿಡದಿಯಲ್ಲಿ ಬ್ರಿಟಾನಿಯದ ಕಾರ್ಖಾನೆಯಿದೆ, ಸಂಶೋಧನಾ ಕೇಂದ್ರವಿದೆ. 1892ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬಿಸ್ಕತ್ತಿನ ಕಂಪೆನಿಯದು. ದೇಶದ ಮೂಲೆಮೂಲೆಗಳಲ್ಲಿ ಅದರ ಒಲೆಗಳು ಉರಿಯುತ್ತವೆ. ಒಂದು ಪ್ರಾಂತದಲ್ಲಿ ಮಳೆ ತಪ್ಪಿದರೂ ಇನ್ನೊಂದರಲ್ಲಿ ಚಹದ ಜೊತೆಗೆ ಬಿಸ್ಕತ್ತು ನಡೆದೇ ನಡೆಯುತ್ತದೆ. ಇದು ಲಾರ್ಜ್ ಕ್ಯಾಪ್. ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ 'ಪಿಜನ್' ಹೆಸರಿನ ಕುಕ್ಕರು, ಒಲೆ, ಬಾಣಲೆಗಳನ್ನು ಮಾಡುವ ಸ್ಟೋವ್ ಕ್ರಾಫ್ಟ್ ಕಂಪೆನಿಯ ಮುಖ್ಯ ಕಾರ್ಖಾನೆ. ಇದು ಸ್ಮಾಲ್ ಕ್ಯಾಪ್. 2021ರ ಫೆಬ್ರವರಿಯಲ್ಲಿ ಇದರ ಷೇರು 385 ರೂಪಾಯಿಯಂತೆ ಸಾರ್ವಜನಿಕರ ಕೈಸೇರಿ ಪೇಟೆಗೆ ಬಂದಿತು. ಅದೇ ವರ್ಷ ಮುಗಿಯುವುದರೊಳಗೆ ಸಾವಿರ ರೂಪಾಯಿಯನ್ನು ದಾಟಿತು. 2023ರ ಮಾರ್ಚ್ ವೇಳೆಗೆ ಹೊರಟ ಸ್ಥಳದ ಸಮೀಪಕ್ಕೇ ಮರಳಿತ್ತು. ಕುಕ್ಕರು ಅದೇ, ಕಾರ್ಖಾನೆ ಅದೇ, ದುಡಿಯುವ ಕೈಗಳೂ ಅವೇ. ಎರಡು ವರ್ಷಗಳಲ್ಲಿ ಷೇರು ಮಾತ್ರ ಬೆಟ್ಟ ಹತ್ತಿ ಇಳಿದು ಬಂದಿತ್ತು.

ಸಣ್ಣ ಕಂಪೆನಿಯ ಷೇರು ಹೀಗೆ ಕುಣಿಯುವುದೇಕೆ? ಒಂದೆರಡು ಕಾರ್ಖಾನೆ, ಕೆಲವೇ ಬಗೆಯ ಸರಕು, ಕೆಲವೇ ದೊಡ್ಡ ಗಿರಾಕಿಗಳು ಎಂಬುದು ಒಂದು ಕಾರಣ. ಸರ್ಕಾರದ ಒಂದು ಆಜ್ಞೆ ಸಾಕು, ವರ್ಷದ ಲಾಭ ತಲೆಕೆಳಗಾಗಲು. ಗೂಡು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದಾಗ ಇಲ್ಲಿಯ ಗೂಡಿನ ಬೆಲೆ ಹೇಗೆ ಕುಸಿಯಿತೆಂಬುದನ್ನು ಅವರು ಮರೆತಿಲ್ಲ. ಇನ್ನೊಂದು ಕಾರಣ, ಸಣ್ಣ ಷೇರುಗಳನ್ನು ಕೊಳ್ಳುವವರ ಸಂಖ್ಯೆಯೇ ಕಡಿಮೆ. ಎಲ್ಲರೂ ಕೊಳ್ಳಬಂದರೆ ಮಾರುವವರಿಲ್ಲ, ಬೆಲೆ ಗಗನಕ್ಕೆ. ಎಲ್ಲರೂ ಮಾರಹೊರಟರೆ ಕೊಳ್ಳುವವರಿಲ್ಲ, ಬೆಲೆ ಪಾತಾಳಕ್ಕೆ.

ಇನ್ನು ಫಲದ ಮಾತು. ದೊಡ್ಡ ಕಂಪೆನಿಗಳಿಗೆ ನಿಫ್ಟಿ 50 ಎಂಬ ಸೂಚ್ಯಂಕವನ್ನೂ, ಸಣ್ಣವಕ್ಕೆ ನಿಫ್ಟಿ ಸ್ಮಾಲ್ ಕ್ಯಾಪ್ 100 ಎಂಬುದನ್ನೂ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಲಾಭಾಂಶವನ್ನೂ ನಿಧಿಯ ಖರ್ಚನ್ನೂ ಬಿಟ್ಟ ಲೆಕ್ಕವಿದು. ಮೂರು ಮನೆಗಳನ್ನು ಕಲ್ಪಿಸಿಕೊಳ್ಳಿ: ಮಾಗಡಿಯದೊಂದು, ಚನ್ನಪಟ್ಟಣದ್ದೊಂದು, ಕನಕಪುರದ್ದೊಂದು. ಪ್ರತಿ ಮನೆಯಲ್ಲೂ ಅಣ್ಣನು ದೊಡ್ಡ ಕಂಪೆನಿಗಳ ಮೇಲೆಯೂ ತಮ್ಮನು ಸಣ್ಣ ಕಂಪೆನಿಗಳ ಮೇಲೆಯೂ ಒಂದೊಂದು ಲಕ್ಷ ರೂಪಾಯಿ ಹೂಡಿ, 2024ರ ಕೊನೆಯವರೆಗೆ ಮುಟ್ಟದೆ ಇಟ್ಟರೆನ್ನೋಣ. ವ್ಯತ್ಯಾಸ ಹೂಡಿದ ದಿನದ್ದು ಮಾತ್ರ.

ಮಾಗಡಿಯವರು 2017ರ ಆರಂಭದಲ್ಲಿ ಹೂಡಿದರು. ಅಣ್ಣನ ಲಕ್ಷ ಸುಮಾರು 2 ಲಕ್ಷ 89 ಸಾವಿರವಾಯಿತು. ತಮ್ಮನದು ಸುಮಾರು 3 ಲಕ್ಷ 25 ಸಾವಿರ. ತಮ್ಮನೇ ಮುಂದು.

ಚನ್ನಪಟ್ಟಣದವರು ಒಂದು ವರ್ಷ ತಡೆದು, 2018ರ ಆರಂಭದಲ್ಲಿ ಹೂಡಿದರು. ತಡೆದುದಕ್ಕೆ ಕಾರಣವೂ ಸಹಜವೇ. 2017ರಲ್ಲಿ ಸಣ್ಣ ಷೇರುಗಳು ಶೇಕಡ 57ರಷ್ಟು ಏರಿದ್ದನ್ನು ಕಂಡ ಮೇಲಲ್ಲವೆ ಜನರಿಗೆ ಧೈರ್ಯ ಬರುವುದು? ಇಲ್ಲಿ ಅಣ್ಣನದು 2 ಲಕ್ಷ 24 ಸಾವಿರ, ತಮ್ಮನದು 2 ಲಕ್ಷ 6 ಸಾವಿರ. ಏಳು ವರ್ಷ ಎದೆಗುಂದದೆ ಕಾದ ತಮ್ಮನು ಹಿಂದೆ ಬಿದ್ದನು.

ಕನಕಪುರದವರು 2020ರ ಆರಂಭದವರೆಗೆ ಸುಮ್ಮನಿದ್ದು ಆಮೇಲೆ ಹೂಡಿದರು. ಅಣ್ಣನಿಗೆ 1 ಲಕ್ಷ 94 ಸಾವಿರ. ತಮ್ಮನಿಗೆ 3 ಲಕ್ಷ 20 ಸಾವಿರ!

ಒಂದೇ ಪೇಟೆ, ಒಂದೇ ಕೊನೆಯ ದಿನ. ಹೊರಟ ದಿನ ಬೇರೆಯಾದ ಮಾತ್ರಕ್ಕೆ ಗೆದ್ದವನು ಸೋತಿದ್ದಾನೆ, ಸೋತವನು ಗೆದ್ದಿದ್ದಾನೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ತೆಗೆದ 'ಶೋಲೆ' ಚಿತ್ರದ ಎರಡು ಕಡೆಯೂ ಒಂದೇ ಮುಖವುಳ್ಳ ನಾಣ್ಯ ವಾಚಕರ ನೆನಪಿನಲ್ಲಿರಬಹುದು. ಐದು ವರ್ಷಗಳ ಪ್ರತಿಫಲವನ್ನು ದಪ್ಪಕ್ಷರದಲ್ಲಿ ತೋರಿಸುವ ಜಾಹೀರಾತು ಅಂಥದೇ ನಾಣ್ಯ. ಎಣಿಕೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಚಿಮ್ಮುವವನೇ ಗೊತ್ತುಮಾಡಿದ ಮೇಲೆ ಬೀಳುವ ಮುಖ ಇನ್ನೆಂತಹುದಾದೀತು?

ಆದರೆ ಕೊನೆಯ ಮೊತ್ತಕ್ಕಿಂತ ನಡುದಾರಿಯ ಕಥೆಯೇ ಹೆಚ್ಚಿನದು. ಚನ್ನಪಟ್ಟಣದ ತಮ್ಮನ ಲಕ್ಷ ರೂಪಾಯಿಯನ್ನೇ ಹಿಂಬಾಲಿಸೋಣ. 2018ರ ಕೊನೆಗೆ ಅದು 71 ಸಾವಿರ. 2019ರ ಕೊನೆಗೆ 64 ಸಾವಿರ. ದೊಡ್ಡ ಕಂಪೆನಿಗಳು ನಿಧಾನವಾಗಿಯಾದರೂ ಏರುತ್ತಲೇ ಇದ್ದ ಎರಡು ವರ್ಷಗಳವು ಎಂಬುದನ್ನು ಗಮನಿಸಬೇಕು. ಅಣ್ಣನ ಹಣ ಆಗ 1 ಲಕ್ಷ 15 ಸಾವಿರಕ್ಕೆ ಬಂದಿತ್ತು. ಆಮೇಲೆ ಬಂದಿತು ಕೊರೋನದ ಮಾರ್ಚ್. 2020ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡ ದಿನಗಳಲ್ಲಿ, ತಮ್ಮನ ಕೈಯಲ್ಲಿ ಉಳಿದದ್ದು ಸುಮಾರು 35 ಸಾವಿರ. ಅಣ್ಣನ ಹಣವೂ 73 ಸಾವಿರದ ಆಸುಪಾಸಿಗೆ ಇಳಿದಿತ್ತೆಂಬುದೇನೋ ನಿಜ. ಆದರೆ ಅದು ಜುಲೈ ವೇಳೆಗೆ ಪುನಃ ಲಕ್ಷವನ್ನು ಮುಟ್ಟಿತು. ತಮ್ಮನು 2021ರ ಮಧ್ಯಭಾಗದವರೆಗೆ ಕಾಯಬೇಕಾಯಿತು.

ಇಲ್ಲಿ ಗೂಡಿನ ಮಾರುಕಟ್ಟೆಯನ್ನು ಮತ್ತೆ ನೆನೆಯಬೇಕು. ಆ ತಮ್ಮನಿಗೆ 2020ರ ಏಪ್ರಿಲಿನಲ್ಲಿ ಮಗಳ ಕಾಲೇಜಿನ ಹಣವನ್ನು ಕಟ್ಟಬೇಕಾಗಿತ್ತು ಎನ್ನೋಣ, ಅಥವಾ ಆಸ್ಪತ್ರೆಯ ಖರ್ಚು ಬಂದಿತ್ತು ಎನ್ನೋಣ. ಗೂಡಿನೊಳಗಿನ ಚಿಟ್ಟೆ ರೆಕ್ಕೆ ಬಡಿಯತೊಡಗಿತೆಂದೇ ಅರ್ಥ. ಅವನು ಅಂದಿನ ಧಾರಣೆಗೆ ಮಾರಲೇಬೇಕು. ಮುಂದೆ 2021ರಲ್ಲಿ ಸಣ್ಣ ಷೇರುಗಳು ಶೇಕಡ 59ರಷ್ಟು, 2023ರಲ್ಲಿ ಶೇಕಡ 55ರಷ್ಟು ಏರಿದವೆಂಬ ವಾರ್ತೆ ಅವನಿಗೆ ಯಾವ ಪ್ರಯೋಜನಕ್ಕೆ? ಕಾಗದದ ಮೇಲಿನ ಏಳು ವರ್ಷದ ಸರಾಸರಿ ಅವನ ಪಾಲಿಗೆ ಬಂದುದೇ ಇಲ್ಲ. ಚೀಟಿಯ ಲಾಭ ಅಲ್ಪವಾದರೂ, ಹಣ ಕೈಗೆ ಬರುವ ಕಾಲ ಇಂಥದೆಂದು ಗೊತ್ತಿರುತ್ತದೆ. ಷೇರಿನ ನಿಧಿಗೆ ಆ ಗುಣವಿಲ್ಲ, ಸಣ್ಣ ಷೇರಿನ ನಿಧಿಗಂತೂ ಏನೇನೂ ಇಲ್ಲ. 2008ರ ಒಂದೇ ವರ್ಷದಲ್ಲಿ ಸೆನ್ಸೆಕ್ಸ್ ಶೇಕಡ 52ರಷ್ಟು ಕುಸಿದಾಗ ಮುಂಬಯಿ ಪೇಟೆಯ ಸ್ಮಾಲ್ ಕ್ಯಾಪ್ ಸೂಚ್ಯಂಕ ಕುಸಿದದ್ದು ಶೇಕಡ 72. ನೂರರಲ್ಲಿ 28 ಉಳಿದರೆ, ಮತ್ತೆ ನೂರಾಗಲು ಅದು ಮೂರೂವರೆ ಪಟ್ಟು ಬೆಳೆಯಬೇಕು.

ಹಾಗಾದರೆ ಸಣ್ಣವರ ಗೊಡವೆಯೇ ಬೇಡವೆ? ಅಷ್ಟು ಆತುರದ ತೀರ್ಪೂ ಸಲ್ಲದು. ಅಮೆರಿಕದ ಪೇಟೆಯ ಹಲವು ದಶಕಗಳ ಲೆಕ್ಕವನ್ನು ಹಿಡಿದು ರಾಲ್ಫ್ ಬಾಂಜ್ ಎಂಬ ವಿದ್ವಾಂಸನು 1981ರಲ್ಲಿ ಸಣ್ಣ ಕಂಪೆನಿಗಳು ದೊಡ್ಡವಕ್ಕಿಂತ ಹೆಚ್ಚು ಫಲ ಕೊಟ್ಟಿವೆಯೆಂದು ತೋರಿಸಿದನು. ವಿನೋದವೆಂದರೆ, ಆ ಲೇಖನ ಪ್ರಕಟವಾದ ಮೇಲೆ ಅಮೆರಿಕದಲ್ಲಿ ಆ ಹೆಚ್ಚಿನ ಫಲವೇ ಬಹುಮಟ್ಟಿಗೆ ಕರಗಿತು. ನಮ್ಮಲ್ಲಿ ಇನ್ನೊಂದು ವಿಶೇಷವಿದೆ. ದೊಡ್ಡ ಕಂಪೆನಿಗಳನ್ನು ನೂರಾರು ಪರಿಣತರು ನಿತ್ಯವೂ ಅಳೆದು ತೂಗುತ್ತಿರುವುದರಿಂದ ಅಲ್ಲಿ ನಿಧಿಯ ವ್ಯವಸ್ಥಾಪಕನಿಗೆ ಹೊಸದಾಗಿ ಕಾಣತಕ್ಕದ್ದು ಬಹಳವಿಲ್ಲ. ಅನೇಕ ಲಾರ್ಜ್ ಕ್ಯಾಪ್ ನಿಧಿಗಳು ತಮ್ಮ ಸೂಚ್ಯಂಕವನ್ನೇ ಮುಟ್ಟಲಾರದೆ ಹೋಗಿವೆ. ಆದುದರಿಂದಲೇ ಕಡಿಮೆ ಖರ್ಚಿನ ಸೂಚ್ಯಂಕ ನಿಧಿಗಳಿಗೆ ಈಗ ಮನ್ನಣೆ. ಸಣ್ಣ ಕಂಪೆನಿಗಳ ಕಾಡಿನಲ್ಲಿ ಹುಡುಕುವವನ ಕಣ್ಣಿಗೆ ಬೆಲೆಯುಂಟು. ಮೇಲೆ ಹೇಳಿದ ಏಳು ವರ್ಷಗಳಲ್ಲಿ ಸ್ಮಾಲ್ ಕ್ಯಾಪ್ 100 ಸೂಚ್ಯಂಕವನ್ನು ಹಿಂದಿಕ್ಕಿದ ನಿಧಿಗಳು ಹಲವು. ತಿಂಗಳು ತಿಂಗಳೂ ಸಮನಾದ ಮೊತ್ತ ಕಟ್ಟಿದವನಿಗೂ ಚನ್ನಪಟ್ಟಣದ ತಮ್ಮನಷ್ಟು ಪೆಟ್ಟು ಬೀಳಲಿಲ್ಲ. 2019 ಮತ್ತು 2020ರ ಇಳಿದ ಬೆಲೆಯಲ್ಲಿ ಅವನಿಗೆ ಅದೇ ಹಣಕ್ಕೆ ಹೆಚ್ಚು ಯೂನಿಟ್ಟುಗಳು ಸಿಕ್ಕಿದ್ದವು. ಆದರೆ ಆ ಎರಡು ವರ್ಷ ಕಟ್ಟುವುದನ್ನು ನಿಲ್ಲಿಸದಿದ್ದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಹಣ ಮಿತಿಮೀರಿ ಹರಿದು ಬಂದರೂ ಸಣ್ಣ ಷೇರಿನ ನಿಧಿಗೆ ಕಷ್ಟವೇ. 2023ರ ಜುಲೈಯಲ್ಲಿ ಕೆಲವು ಸ್ಮಾಲ್ ಕ್ಯಾಪ್ ನಿಧಿಗಳು ಒಟ್ಟು ಮೊತ್ತದ ಹೊಸ ಹೂಡಿಕೆಗೆ ಬಾಗಿಲು ಮುಚ್ಚಿದವು. ಇಷ್ಟೊಂದು ಹಣಕ್ಕೆ ತಕ್ಕ ಬೆಲೆಯಲ್ಲಿ ಸಣ್ಣ ಷೇರುಗಳು ಸಿಗಬೇಕಲ್ಲ! 2024ರ ಮಾರ್ಚಿನಿಂದ ಇನ್ನೊಂದು ಏರ್ಪಾಡು ಜಾರಿಗೆ ಬಂದಿದೆ. ಹೂಡಿದವರೆಲ್ಲ ಒಮ್ಮೆಗೆ ಬಾಗಿಲಿಗೆ ಬಂದರೆ ತನ್ನ ಷೇರುಗಳ ಕಾಲು ಭಾಗವನ್ನೂ ಅರ್ಧ ಭಾಗವನ್ನೂ ಮಾರಲು ಎಷ್ಟು ದಿನ ಹಿಡಿದೀತೆಂಬುದನ್ನು ಪ್ರತಿಯೊಂದು ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ ನಿಧಿಯೂ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮೊದಲ ಪಟ್ಟಿಯಲ್ಲಿ ಕೆಲವು ಸಣ್ಣ ನಿಧಿಗಳು ಕೆಲವೇ ದಿನಗಳೆಂದವು. ದೊಡ್ಡದೊಂದು ನಿಧಿಯು ಅರ್ಧವನ್ನು ಮಾರಲು ಸುಮಾರು 60 ದಿನ ಬೇಕೆಂದಿತು. ಗೂಡಿನ ಹರಾಜಿನ ಕಟ್ಟೆಯ ಮೇಲೆ ನಿಂತವನಿಗೆ 60 ದಿನವೆಂದರೆ ಏನೆಂದು ಹೇಳಬೇಕಾಗಿಲ್ಲ.

ಈ ಪಟ್ಟಿಗಳು ಹೊರಬಂದ ವರ್ಷವೇ ಸಣ್ಣ ಷೇರುಗಳು ಮತ್ತೊಮ್ಮೆ ಶೇಕಡ 24ರಷ್ಟು ಏರಿ, ಡಿಸೆಂಬರಿನಲ್ಲಿ ಶಿಖರ ಮುಟ್ಟಿದವು. ಎರಡೂವರೆ ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರವರಿಯ ಕೊನೆಗೆ, ಆ ಶಿಖರದಿಂದ ಕಾಲು ಭಾಗದಷ್ಟು ಕೆಳಗಿಳಿದಿದ್ದವು. ಆ ಡಿಸೆಂಬರಿನಲ್ಲಿ ಹೊಸದಾಗಿ ಒಳಹೊಕ್ಕವರು, 2018ರ ಚನ್ನಪಟ್ಟಣದ ತಮ್ಮನಂತೆಯೇ, ಹಿಂದಿನ ವರ್ಷಗಳ ಪ್ರತಿಫಲವನ್ನು ನೋಡಿಯೇ ಹೊಕ್ಕಿದ್ದರು.