ಥೇಮ್ಸ್ ದಂಡೆಯ ಬಿಳಿ ಬಂಗಲೆ

ಇಂಗ್ಲೆಂಡಿನ ಮಾರ್ಲೋ ಪಟ್ಟಣದಿಂದ ಹೆನ್ಲಿ ರಸ್ತೆ ಹಿಡಿದು ಐದಾರು ಕಿಲೋಮೀಟರ್ ಹೋದರೆ ಎಡಕ್ಕೆ ಡೇನ್ಸ್‌ಫೀಲ್ಡ್ ಹೌಸ್. ಸೋಪಿನ ಪುಡಿಯ ವ್ಯಾಪಾರದಲ್ಲಿ ಸಿರಿವಂತರಾದ ಹಡ್ಸನ್ ಮನೆತನದವರು 1901ರ ಹೊತ್ತಿಗೆ ಕಟ್ಟಿಸಿದ ಭರ್ಜರಿ ಬಂಗಲೆ ಇದು. ಸುಣ್ಣಕಲ್ಲಿನ ಬಿಳಿ ಗೋಡೆ, ಕೆಂಪು ಹೆಂಚು, ಉದ್ದುದ್ದ ಹೊಗೆಗೂಡು. ಹಿಂಬದಿಯ ಜಗಲಿಗೆ ಬಂದು ನಿಂತರೆ ಕೆಳಗೆ ಥೇಮ್ಸ್ ನದಿ. ಈಗಿದು ಹೋಟೆಲು; ಮದುವೆ ಆರತಕ್ಷತೆಗಳಿಗೆ ಹೆಸರುವಾಸಿ.

1941ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದವರು ಬೇರೆ ತರದ ಅತಿಥಿಗಳು. ಬ್ರಿಟಿಷ್ ವಾಯುಪಡೆ ಬಂಗಲೆಯನ್ನು ವಶಕ್ಕೆ ತೆಗೆದುಕೊಂಡು, ಹತ್ತಿರದ ಹಳ್ಳಿಯ ಹೆಸರಲ್ಲಿ ‘ಆರ್‌ಎಎಫ್ ಮೆಡ್‌ಮೆನ್‌ಹ್ಯಾಮ್’ ಎಂದು ಕರೆಯಿತು. ಶತ್ರುನೆಲದ ಮೇಲಿಂದ ತೆಗೆದ ಫೋಟೊಗಳನ್ನು ಓದಿ ಹೇಳುವುದು ಇಲ್ಲಿನವರ ಕಸುಬು. ಬೆನ್ಸನ್ ನಿಲ್ದಾಣದಿಂದ ಹಾರುತ್ತಿದ್ದ ಸ್ಪಿಟ್‌ಫೈರ್‌ಗಳಲ್ಲಿ ಬಂದೂಕು ಇರಲಿಲ್ಲ; ಆ ಜಾಗದಲ್ಲಿ ಇಂಧನ ಮತ್ತು ಕ್ಯಾಮೆರಾ. ವಿಮಾನ ಇಳಿದ ಕೆಲವೇ ತಾಸಿನಲ್ಲಿ ಮೊದಲ ವರದಿ ನಿಲ್ದಾಣದಲ್ಲೇ ತಯಾರು. ಎರಡನೆಯದು ಒಂದು ದಿನದೊಳಗೆ ಇಲ್ಲಿ. ಮೂರನೆಯ ಹಂತಕ್ಕೆ ಅವಸರವಿಲ್ಲ: ಹಡಗು, ರೈಲು, ವಿಮಾನ ಕಾರ್ಖಾನೆ ಎಂದು ಒಂದೊಂದಕ್ಕೂ ಒಂದೊಂದು ವಿಭಾಗ.

ಬಂಗಲೆಯ ದೊಡ್ಡ ಹಜಾರದಲ್ಲಿ ಈಗ ಮೆತ್ತನೆಯ ಸೋಫಾಗಳು. ಆಗ ಕೋಣೆ ಕೋಣೆಯಲ್ಲೂ ಮೇಜುಗಳು, ಮೇಜಿನ ಮೇಲೆ ಸ್ಟೀರಿಯೋಸ್ಕೋಪ್. ನಾಲ್ಕು ತಂತಿಗಾಲಿನ ಮೇಲೆ ಎರಡು ಮಸೂರ, ಉಪಕರಣ ಅಷ್ಟೇ. ಒಂದೇ ನೆಲ ಭಾಗಶಃ ಎರಡರಲ್ಲೂ ಬರುವಂತೆ ತೆಗೆದ ಎರಡು ಚಿತ್ರಗಳನ್ನು ಅದರ ಕೆಳಗೆ ಅಕ್ಕಪಕ್ಕ ಇಟ್ಟು, ಕಣ್ಣು ಸಡಿಲಿಸಿ ನೋಡಬೇಕು. ಸ್ವಲ್ಪ ಹೊತ್ತು ಬರೀ ಬೂದು ಬಣ್ಣ. ಆಮೇಲೆ ಥಟ್ಟನೆ ಕಟ್ಟಡಗಳು ಎದ್ದು ನಿಲ್ಲುತ್ತವೆ, ಕಾಲುವೆ ತಗ್ಗಿಗಿಳಿಯುತ್ತದೆ. ನೆರಳು ನೋಡುವವರ ಕಡೆಗೇ ಬೀಳುವಂತೆ ಚಿತ್ರ ಇಡಬೇಕೆನ್ನುವುದು ಈ ಕಸುಬಿನ ಮೊದಲ ಪಾಠ. ತಿರುಗಿಸಿಟ್ಟರೆ ಗುಂಡಿ ಗುಡ್ಡವಾಗಿ ಕಾಣುತ್ತದೆ. ಆದರೆ ಕಣ್ಣಿಗಿಂತ ಹೆಚ್ಚು ದುಡಿಯುವುದು ನೆನಪು. ನಿನ್ನೆ ಇಲ್ಲದ್ದು ಇವತ್ತೇನಿದೆ? ಇದ್ದದ್ದು ಎಲ್ಲಿ ಹೋಯಿತು?

ಹೀಗೆ ನೋಡುವವರಲ್ಲಿ ಹೆಂಗಸರು ಬಹಳ. ಪ್ರಧಾನಿಯ ಮಗಳು ಸಾರಾ ಚರ್ಚಿಲ್ ಅವರಲ್ಲೊಬ್ಬಳು. ವಿಮಾನಗಳ ವಿಭಾಗದ ಮುಖ್ಯಸ್ಥೆ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಯುದ್ಧಕ್ಕೂ ಮೊದಲು ವಿಮಾನ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದವಳು. 1943ರ ನವೆಂಬರ್ 28ರಂದು ಜರ್ಮನಿಯ ಪೀನಮುಂಡೆಯ ಮೇಲೆ ತೆಗೆದ ಚಿತ್ರದಲ್ಲಿ, ಇಳಿಜಾರು ಹಳಿಯೊಂದರ ಮೇಲೆ ಶಿಲುಬೆಯಾಕಾರದ ಚುಕ್ಕೆಯನ್ನು ಗುರುತಿಸಿದ್ದು ಅವಳೇ. ಚಿತ್ರದಲ್ಲಿ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅದು ಪೈಲಟ್ ಇಲ್ಲದ ಹಾರುಬಾಂಬು, ವಿ-1. ಅಂಥದೇ ಹಳಿಗಳು ಉತ್ತರ ಫ್ರಾನ್ಸಿನಲ್ಲಿ ಏಳುತ್ತಿದ್ದವು, ಮುಖ ಲಂಡನ್ ಕಡೆಗೆ. ಅವುಗಳ ಮೇಲೆ ಬಾಂಬು ಸುರಿದರೂ ದಾಳಿ ಪೂರ್ತಿ ತಪ್ಪಲಿಲ್ಲ. 1944ರ ಜೂನ್ 13ರಂದು ಲಂಡನ್ನಿಗೆ ಮೊದಲ ವಿ-1 ಬಿತ್ತು.

ಬಂಗಲೆಯ ಆವರಣದಲ್ಲೇ ಕಬ್ಬಿಣಯುಗದ ಕೋಟೆಯೊಂದರ ಮಣ್ಣಿನ ದಿಬ್ಬಗಳಿವೆ. ಅದಕ್ಕೆ ತಕ್ಕಂತೆ, ಇಲ್ಲಿ ಫೋಟೊ ಓದುವವರಲ್ಲಿ ಪುರಾತತ್ವಜ್ಞರೂ ಇದ್ದರು. ಬೆಳೆದ ಪೈರಿನ ಕೆಳಗೆ ಹೂತ ಗೋಡೆ ಪತ್ತೆಹಚ್ಚಿ ಪಳಗಿದ ಕಣ್ಣು ಅವರದು. ಗ್ಲಿನ್ ಡೇನಿಯಲ್, ಸ್ಟುವರ್ಟ್ ಪಿಗಟ್ ಇದೇ ಕೆಲಸಕ್ಕೆ ಭಾರತಕ್ಕೂ ಬಂದರು. ದೆಹಲಿಯ ಬಿಡುವಿನಲ್ಲಿ ಪಿಗಟ್ ನಮ್ಮ ಪ್ರಾಗಿತಿಹಾಸದ ಬೆನ್ನು ಹತ್ತಿ, ಆಮೇಲೆ ಅದರ ಮೇಲೊಂದು ಪುಸ್ತಕವನ್ನೇ ಬರೆದ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಈ ಕಸುಬಿನಲ್ಲಿ ಯಾರೋ ಒಬ್ಬರು ಪ್ರಶ್ನೆ ಕೇಳಬೇಕು. ಕೇಳದ್ದು ಕಣ್ಣೆದುರಿದ್ದರೂ ಕಾಣುವುದಿಲ್ಲ. 1944ರ ಏಪ್ರಿಲ್‌ನಿಂದ ಇಟಲಿಯಿಂದ ಹಾರಿದ ಮಿತ್ರಪಕ್ಷದ ವಿಮಾನಗಳು ನಾಜಿಗಳ ಆಶ್‌ವಿಟ್ಜ್ ಹತ್ಯಾ ಶಿಬಿರದ ಪಕ್ಕದ ಕಾರ್ಖಾನೆಯ ಚಿತ್ರ ತೆಗೆದವು. ಅವೇ ಸುರುಳಿಗಳಲ್ಲಿ ಶಿಬಿರವೂ ಇತ್ತು, ರೈಲೂ ಇತ್ತು, ಸಾಲುಗಟ್ಟಿದ ಜನರೂ ಇದ್ದರು. ಕೇಳಿದ್ದು ಕಾರ್ಖಾನೆಯ ಬಗ್ಗೆ. ವರದಿಯೂ ಅದರ ಬಗ್ಗೆಯೇ ಹೋಯಿತು. ಅಮೆರಿಕದ ಸಿಐಎ ವಿಶ್ಲೇಷಕರಿಬ್ಬರು ಅವೇ ಚಿತ್ರಗಳನ್ನು ಹೊಸದಾಗಿ ಓದಿ, ಅಲ್ಲಿ ಏನಿತ್ತೆಂದು ಪ್ರಕಟಿಸಿದ್ದು 1979ರಲ್ಲಿ. ಉಪಗ್ರಹಗಳ ಈ ಕಾಲದಲ್ಲೂ ಇದು ಬದಲಾಗಿಲ್ಲ ಎಂದೇ ನನ್ನ ಎಣಿಕೆ. ಚಿತ್ರಕ್ಕೆ ಬರವಿಲ್ಲ, ಪ್ರಶ್ನೆಗೇ ಬರ.

ಯುದ್ಧಕಾಲದಲ್ಲಿ ಬಂಗಲೆಯ ತೋಟದಲ್ಲಿದ್ದ ತಗಡಿನ ಗುಡಿಸಲುಗಳೆಲ್ಲ ಹೋಗಿ ಈಗ ಒಪ್ಪವಾಗಿ ಕತ್ತರಿಸಿದ ಪೊದೆಗಳಿವೆ. ಬ್ರಿಟಿಷ್ ಸೇನೆಯ ಚಿತ್ರ ವಿಶ್ಲೇಷಣೆ ಈಗ ನಡೆಯುವುದು ಕೇಂಬ್ರಿಜ್‌ಶೈರಿನ ವೈಟನ್‌ನಲ್ಲಿ. ಅದರೊಳಗೆ ನಮಗೆ ಪ್ರವೇಶವಿಲ್ಲ. ಇಲ್ಲಿಗಾದರೆ ಚಹಾ ಕುಡಿಯುವ ನೆಪದಲ್ಲಿ ಬರಬಹುದು, ಆದರೆ ನೋಡಲು ಚಿತ್ರಗಳಿಲ್ಲ. ಯುದ್ಧದ ಕೊನೆಗೆ ಇಲ್ಲಿ 50 ಲಕ್ಷದಷ್ಟು ಮುದ್ರಿತ ಚಿತ್ರಗಳಿದ್ದವು. ಅವುಗಳಲ್ಲಿ ಉಳಿದುಕೊಂಡವು ಎಡಿನ್‌ಬರೊದ ರಾಷ್ಟ್ರೀಯ ವೈಮಾನಿಕ ಛಾಯಾಚಿತ್ರ ಸಂಗ್ರಹದಲ್ಲಿವೆ. ಹಲವನ್ನು ಅಂತರ್ಜಾಲದಲ್ಲೂ ಇಟ್ಟಿದ್ದಾರೆ. ಮನೆಯಲ್ಲೇ ಕೂತು ನೋಡಿ; ಮೊದಲು ನೆರಳು ಯಾವ ಕಡೆಗಿದೆ ಗಮನಿಸಿ.