ಆಣಿಯ ಮದ್ದು: ತೊಗಟೆಯ ಬೂದಿಯಿಂದ ಕಾರ್ನ್ ಕ್ಯಾಪ್‌ವರೆಗೆ

ಕಾಲಿನ ಆಣಿ ಸೋಂಕಿನಿಂದ ಬರುವುದಲ್ಲ, ಒತ್ತಡದಿಂದ ಬೆಳೆಯುವಂಥದ್ದು. ಚಪ್ಪಲಿಯೋ ಬೂಟೋ ಒಂದೇ ಜಾಗವನ್ನು ಒತ್ತುತ್ತ, ಉಜ್ಜುತ್ತ ಇದ್ದರೆ ಅಲ್ಲಿನ ಚರ್ಮ ತನ್ನ ರಕ್ಷಣೆಗೆ ತಾನೇ ದಪ್ಪವಾಗುತ್ತದೆ. ಆ ದಪ್ಪ ಅಗಲಕ್ಕೆ ಹರಡಿದರೆ ಜಡ್ಡು. ಒಂದೇ ಕಡೆ ಗಟ್ಟಿಯಾಗಿ, ಮೊನೆ ಒಳಮುಖವಾಗಿ ಇಳಿದರೆ ಆಣಿ. ಮೊನೆ ಒಳಗಿನ ನರವನ್ನು ಒತ್ತುವುದರಿಂದಲೇ ಪ್ರತಿ ಹೆಜ್ಜೆಗೂ ಮುಳ್ಳು ಚುಚ್ಚಿದಂತಾಗುತ್ತದೆ.

ಇದರ ಚಿಕಿತ್ಸೆಗೆ ಬಹಳ ಹಳೆಯ ದಾಖಲೆಗಳಿವೆ. ಸುಶ್ರುತ ಸಂಹಿತೆ ಇದನ್ನು ‘ಕದರ’ ಎಂದು ಕರೆದು ಕ್ಷುದ್ರರೋಗಗಳ ಸಾಲಿಗೆ ಸೇರಿಸಿದೆ. ಕಲ್ಲು, ಮುಳ್ಳುಗಳಿಂದ ಪಾದಕ್ಕೆ ಪೆಟ್ಟಾಗಿ ಎಲಚಿ ಹಣ್ಣಿನ ಗಾತ್ರದ ಗಂಟು ಏಳುತ್ತದೆ. ಅದನ್ನು ಕೊರೆದು ತೆಗೆದು ಕಾದ ಎಣ್ಣೆಯಿಂದ ಸುಡಬೇಕು ಎಂಬುದು ಅದರ ವಿಧಾನ. ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಬೇರೆ ದಾರಿ ಹಿಡಿದ. ವಿಲೋ ಮರದ ತೊಗಟೆಯನ್ನು ಸುಟ್ಟು, ಬೂದಿಯನ್ನು ವಿನೆಗರ್‌ನಲ್ಲಿ ಕಲಸಿ ಹಚ್ಚಬೇಕೆಂದ.

ಹದಿನೆಂಟು ಶತಮಾನಗಳ ನಂತರ ಆಣಿಯ ಮದ್ದು ಮತ್ತೆ ಇದೇ ಮರಕ್ಕೆ ಬಂದು ನಿಂತಿತು, ಈ ಬಾರಿ ರಸಾಯನಶಾಸ್ತ್ರದ ಮೂಲಕ. 1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಖ್ನರ್ ವಿಲೋ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದ. ಹತ್ತು ವರ್ಷಗಳಲ್ಲಿ ಇಟಲಿಯ ರಫೇಲೆ ಪಿರಿಯಾ ಅದರಿಂದ ಸ್ಯಾಲಿಸಿಲಿಕ್ ಆಮ್ಲ ಪಡೆದ. ಹರ್ಮನ್ ಕೋಲ್ಬೆ ರೂಪಿಸಿದ ವಿಧಾನದಿಂದ 1874ರಲ್ಲಿ ಡ್ರೆಸ್ಡೆನ್‌ನಲ್ಲಿ ಅದರ ಕಾರ್ಖಾನೆ ತಯಾರಿಕೆ ಶುರುವಾಯಿತು. ಮರದ ಹಂಗು ತಪ್ಪಿ ಬೆಲೆ ಇಳಿಯಿತು. ಈ ಆಮ್ಲ ಸತ್ತ ಚರ್ಮಕೋಶಗಳನ್ನು ಹಿಡಿದಿಟ್ಟ ಅಂಟನ್ನು ಸಡಿಲಿಸುತ್ತದೆ. ಅದರ ಈ ಗುಣವನ್ನು ಚರ್ಮರೋಗ ಚಿಕಿತ್ಸೆಗೆ ತಂದವರಲ್ಲಿ ಹ್ಯಾಂಬರ್ಗ್‌ನ ಪಾಲ್ ಗೆರ್ಸನ್ ಉನ್ನಾ ಪ್ರಮುಖ. ಅದೇ ಊರಿನ ಔಷಧ ತಯಾರಕ ಪಾಲ್ ಬೈಯರ್ಸ್‌ಡಾರ್ಫ್ 1882ರಲ್ಲಿ ಔಷಧ ಲೇಪಿಸಿದ ಪಟ್ಟಿಗೆ ಪೇಟೆಂಟ್ ಪಡೆದ. ಇಂದು ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಕಾರ್ನ್ ಕ್ಯಾಪ್ ಇದೇ ವಂಶದ್ದು: ನಡುವೆ ಸಾಮಾನ್ಯವಾಗಿ ಶೇ 40ರಷ್ಟು ಸ್ಯಾಲಿಸಿಲಿಕ್ ಆಮ್ಲದ ಬಿಲ್ಲೆ, ಸುತ್ತ ಒತ್ತಡ ತಡೆಯುವ ಮೆತ್ತನೆಯ ಬಳೆ.

ಕರಾವಳಿಯ ಮನೆಮದ್ದೊಂದು ತಿಳಿಯದೆಯೇ ಇದೇ ರಸಾಯನವನ್ನು ಬಳಸುತ್ತಿತ್ತು ಎಂಬುದು ನಿಜಕ್ಕೂ ಸೋಜಿಗ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಆಣಿಗೆ, ಹಿಮ್ಮಡಿಯ ಒಡಕಿಗೆ ಹಚ್ಚುವ ರೂಢಿಯಿದೆ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲವೆಂದರೆ ಉದ್ದನೆಯ ಇಂಗಾಲದ ಬಾಲ ಹೊತ್ತ ಸ್ಯಾಲಿಸಿಲಿಕ್ ಆಮ್ಲವೇ. ಆದರೆ ಜತೆಗಿರುವ ಕಾರ್ಡಾಲ್ ಬೊಕ್ಕೆ ಎಬ್ಬಿಸುತ್ತದೆ, ಪ್ರಮಾಣವೂ ಕೈಯಲ್ಲಿರುವುದಿಲ್ಲ. ಹಾಗಾಗಿ ಈ ಎಣ್ಣೆಯನ್ನು ಇಂದು ಬಳಸದಿರುವುದೇ ಸರಿ. ಎಕ್ಕದ ಹಾಲು, ಜಜ್ಜಿದ ಬೆಳ್ಳುಳ್ಳಿಯ ಪಟ್ಟಿಗೂ ಇದೇ ಮಾತು. ಎರಡೂ ಸುತ್ತಲಿನ ಒಳ್ಳೆಯ ಚರ್ಮವನ್ನು ಸುಡಬಲ್ಲವು.

ಮನೆಯಲ್ಲಿ ನೆಚ್ಚಬಹುದಾದ ಉಪಾಯ ತೀರ ಸರಳ. ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಕಾಲು ನೆನೆಸಿದರೆ ಗಟ್ಟಿ ಚರ್ಮ ಉಬ್ಬಿ ಬೆಳ್ಳಗಾಗುತ್ತದೆ. ಆಗ ಕಾಲುಜ್ಜುವ ಕಲ್ಲಿನಿಂದ ಮೇಲಿನ ಪದರವನ್ನಷ್ಟೇ ಹಗುರವಾಗಿ ತಿಕ್ಕಿ, ಒರೆಸಿ, ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಒಂದೇ ಸಲಕ್ಕೆ ಬೇರು ಕಿತ್ತುಹಾಕುವ ಆಸೆ ಬೇಡ. ಆಣಿಗೆ ಬೇರೇ ಇಲ್ಲ. ವಾರಗಟ್ಟಲೆ ಹೀಗೆ ಮಾಡಿದರೆ ಅದು ತೆಳುವಾಗುತ್ತದೆ. ಬ್ಲೇಡಿನಿಂದ ಕೊಯ್ಯುವ ಅಭ್ಯಾಸ ಗಾಯಕ್ಕೆ, ನಂಜಿಗೆ ದಾರಿ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಬೆವರಿಗೆ ನೆನೆದು ಮೆತ್ತಗಿರುವ ಆಣಿಯೂ ಆಗುವುದುಂಟು. ಅದಕ್ಕೆ ನೆನೆಸುವುದಕ್ಕಿಂತ ಒಣಗಿಸಿಡುವುದು ಮುಖ್ಯ. ನಡುವೆ ಚಿಕ್ಕ ಹತ್ತಿಯ ತುಂಡಿಟ್ಟರೆ ಬೆರಳುಗಳು ಒಂದನ್ನೊಂದು ಉಜ್ಜುವುದಿಲ್ಲ.

ಯಾವ ಮದ್ದು ಹಾಕಿದರೂ ಒತ್ತುವ ಚಪ್ಪಲಿ ಬದಲಾಗದಿದ್ದರೆ ಆಣಿ ಮರಳಿ ಬರುತ್ತದೆ. ಪಾದದ ಒತ್ತಡದ ಬಗ್ಗೆ ದಕ್ಷಿಣ ಭಾರತದಲ್ಲೇ ದೊಡ್ಡ ಕೆಲಸ ನಡೆದಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು, ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದದ ಹುಣ್ಣಿಗೆ ಒತ್ತಡವೇ ಕಾರಣವೆಂದು ತೋರಿಸಿ, ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆಯನ್ನು ಬಳಕೆಗೆ ತಂದರು. ಇಂದು ಮಧುಮೇಹಿಗಳು ಕೊಳ್ಳುವ ಎಂಸಿಆರ್ ಚಪ್ಪಲಿ ಅದೇ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಆಮ್ಲ ಸುಟ್ಟದ್ದೂ, ಕಲ್ಲು ತರಚಿದ್ದೂ ಗೊತ್ತಾಗುವುದಿಲ್ಲ. ಅಂಥವರಿಗೆ, ಕಾಲಿನ ರಕ್ತಸಂಚಾರ ಕುಗ್ಗಿದವರಿಗೆ ಕಾರ್ನ್ ಕ್ಯಾಪ್ ಆಗಲಿ ಮನೆಮದ್ದಾಗಲಿ ಸಲ್ಲದು. ಆಣಿಯನ್ನು ವೈದ್ಯರೇ ತೆಗೆಯಬೇಕು.