ಬೆಳಗಿ ಮರೆಯಾಗುವ ತಾರೆಗಳು

'ನಕ್ಷತ್ರ' ಎಂಬ ಶಬ್ದಕ್ಕೆ ಕ್ಷಯವಿಲ್ಲದುದು ಎಂದು ಅರ್ಥ ಹೇಳುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಆದರೆ ಆಕಾಶವನ್ನು ವರ್ಷಾನುಗಟ್ಟಲೆ ನೋಡಿ ಬರೆದಿಟ್ಟವರು ಬೇರೊಂದು ಸಂಗತಿಯನ್ನು ಬಲ್ಲರು. ಕೆಲವು ತಾರೆಗಳು ತಿಂಗಳುಗಟ್ಟಲೆ ಬೆಳಗಿ, ಕ್ರಮೇಣ ಕುಂದಿ, ಕಾಣದಂತಾಗಿ, ಮತ್ತೆ ಬೆಳಗತೊಡಗುವುವು. ಇವುಗಳಿಗೆ ದೀರ್ಘಾವಧಿಯ ಚಂಚಲ ತಾರೆಗಳೆಂದು ಹೆಸರು.

ಇವುಗಳಲ್ಲಿ ಮೊದಲಿಗನು ತಿಮಿಂಗಿಲವೆಂಬ ತಾರಾಪುಂಜದಲ್ಲಿರುವ 'ಮೀರಾ'. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅದ್ಭುತವೆಂದರ್ಥ. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಎಂಬಾತನು ಇದನ್ನು ಗುರುತಿಸಿದನು. 1638ರಲ್ಲಿ ಹೋಲ್ವಾರ್ಡನು ಇದು ಸುಮಾರು 11 ತಿಂಗಳಿಗೊಮ್ಮೆ ಮರಳಿ ಬೆಳಗುವುದೆಂದು ಕಂಡನು. ಇಂತಹ ತಾರೆಗಳು ಮುಪ್ಪಿನ ದೆಸೆಗೆ ಬಂದ, ಉಬ್ಬಿ ಕೆಂಪಾದ ದೈತ್ಯರು. ಅವು ಹಿಗ್ಗಿ ಕುಗ್ಗುತ್ತಿರುವುವು; ತಣ್ಣಗಾದ ಹೊರಪದರದಲ್ಲಿ ಹುಟ್ಟುವ ಅಣುಗಳು ಬೆಳಕನ್ನು ಹೀರುವುದರಿಂದ ಕಾಂತಿಯು ಬಹಳ ಕುಂದುವುದು. ನಮ್ಮ ಸೂರ್ಯನಿಗೂ ಇನ್ನು ಸುಮಾರು 500 ಕೋಟಿ ವರ್ಷಗಳ ಮೇಲೆ ಇಂತಹ ವಾರ್ಧಕ್ಯ ಬರಲಿದೆ.

ಈ ಶೋಧನೆಯಲ್ಲಿ ನಮ್ಮವರ ಪಾಲೂ ಉಂಟು. ಹಿರಿಯಡ್ಕವನ್ನೊಳಗೊಂಡ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, ಆ ರಾಜಧಾನಿಯ ವೇಧಶಾಲೆಯಲ್ಲಿ ಚಿಂತಾಮಣಿ ರಘುನಾಥಾಚಾರ್ಯರೆಂಬ ವಿದ್ವಾಂಸರಿದ್ದರು. ಪಂಚಾಂಗಕರ್ತರ ಮನೆತನದ ಅವರು ತಾರೆಗಳ ಸ್ಥಾನಗಳನ್ನು ಪಟ್ಟಿಮಾಡುವ ಕಾರ್ಯದಲ್ಲಿ ನಿರತರಾಗಿರುವಾಗ, 1867ರಲ್ಲಿ, ದಕ್ಷಿಣದ 'ರೆಟಿಕ್ಯುಲಮ್' ಪುಂಜದ 'ಆರ್' ಎಂಬ ತಾರೆಯ ಚಾಂಚಲ್ಯವನ್ನು ಕಂಡುಹಿಡಿದರು. ಅದರ ಅವಧಿ ಸುಮಾರು 280 ದಿನಗಳು. 1874ರ ಶುಕ್ರಸಂಕ್ರಮಣವನ್ನು ಕುರಿತ ಅವರ ಪುಸ್ತಿಕೆಯು ಕನ್ನಡದಲ್ಲಿಯೂ ಹೊರಬಂದಿತು. ಆ ವೇಧಶಾಲೆಯ ಪರಂಪರೆಯನ್ನು ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಮುಂದುವರಿಸುತ್ತಿದೆ.

ಆಚಾರ್ಯರಿಗೆ ದುರ್ಬೀನೂ ವರ್ಷಗಳ ರಾತ್ರಿಜಾಗರಣೆಯೂ ಬೇಕಾದುವು. ಇಂದು ಆ ಜಾಗರಣೆಯನ್ನು ಯಂತ್ರಗಳು ನಡೆಸುತ್ತಿವೆ. ಅಮೆರಿಕದ ಪಾಲೋಮಾರ್ ಬೆಟ್ಟದ ದೂರದರ್ಶಕವು 2018ರಿಂದ ಉತ್ತರಾಕಾಶವನ್ನು ಪದೇ ಪದೇ ಚಿತ್ರಿಸಿದೆ. ಆ ಚಿತ್ರಗಳಲ್ಲಿ ಬಹುಭಾಗ ಸರ್ವರಿಗೂ ದೊರೆಯುವುದು. ಗಾಯಾ ಎಂಬ ಯೂರೋಪಿನ ವ್ಯೋಮನೌಕೆಯ ಆಧಾರದಿಂದ 2022ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ದೀರ್ಘಾವಧಿಯ ತಾರೆಗಳೆಂದು ಸಂಭಾವಿಸಲಾದವು 17 ಲಕ್ಷಕ್ಕೂ ಮಿಗಿಲು. ಮಾಟ್ಟೇಯೋ ಪಾಜ್ ಎಂಬ ಅಮೆರಿಕದ ಪ್ರೌಢಶಾಲೆಯ ವಿದ್ಯಾರ್ಥಿಯು ಮತ್ತೊಂದು ನೌಕೆಯ ಹಳೆಯ ದಾಖಲೆಗಳನ್ನು ಗಣಕಯಂತ್ರದಿಂದ ಶೋಧಿಸಿ, ಕಾಂತಿ ಬದಲಾಗುವ ನಾನಾ ಬಗೆಯ ಸುಮಾರು 15 ಲಕ್ಷ ಹೊಸ ವಸ್ತುಗಳನ್ನು 2024ರಲ್ಲಿ ಸೂಚಿಸಿದನು.

ಹೀಗಿರಲು, ನಮ್ಮ ಹಿರಿಯಡ್ಕದ ಬಾಲಕ ಬಾಲಿಕೆಯರಿಗೆ ಇದು ದೂರದ ಮಾತೆ? ಎಂದಿಗೂ ಅಲ್ಲ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಆಕಾಶವು ಮುಚ್ಚಿರುವುದು ನಿಜ. ಚಿತ್ರಗಳಿಗೆ ಆ ತಡೆಯಿಲ್ಲ. ಬೇರೆ ಬೇರೆ ದಿನಗಳ ಒಂದೇ ಪ್ರದೇಶದ ಎರಡು ಚಿತ್ರಗಳನ್ನು ಹೋಲಿಸಬೇಕು. ಕಾಂತಿ ಬದಲಾದಂತೆ ತೋರಿದ ತಾರೆಯನ್ನು ಬದಲಾಗದ ನೆರೆಯವರೊಡನೆ ತೂಗಬೇಕು. ಮೋಡ, ಚಂದ್ರಪ್ರಕಾಶ, ಯಂತ್ರದೋಷಗಳು ಕಾರಣವಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಹಿಂದೆಯೇ ಯಾರಾದರೂ ಪಟ್ಟಿಮಾಡಿದ್ದಾರೆಯೇ ಎಂದು ನೋಡಬೇಕು. ಕಡೆಗೆ ದಿನಕ್ಕೆ ಎದುರಾಗಿ ಕಾಂತಿಯ ರೇಖೆಯನ್ನೆಳೆದು, ಅದು ಎರಡು ಮೂರು ಬಾರಿ ಏರಿಳಿದ ಮೇಲೆ ಮಾತ್ರ ಅವಧಿಯನ್ನು ಹೇಳಬೇಕು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳಾಸಕ್ತರ ಸಂಘವಿದೆ. ಜಿಜ್ಞಾಸುಗಳು ಅಲ್ಲಿ ವಿಚಾರಿಸಬಹುದು.

ಪರೀಕ್ಷೆಯ ಫಲ ಕೂಡಲೇ ಬರಬೇಕೆಂಬ ಆತುರದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಮಾತಾಪಿತೃಗಳೊಡನೆ ನಮ್ಮ ವಿನಂತಿ ಇದೊಂದೆ. ವರ್ಷಕ್ಕೊಮ್ಮೆ ಬೆಳಗುವ ತಾರೆಯು ಆತುರಗಾರನಿಗೆ ಎಂದೂ ಸಿಕ್ಕದು. ನೆನ್ನೆ ಬರೆದುದನ್ನು ಇಂದು ತೆರೆದು ನೋಡುವವನಿಗೆ ಸಿಕ್ಕೀತು. ಕಂಡ ತಾರೆಯು ಮುಂಚೆಯೇ ಪಟ್ಟಿಯಲ್ಲಿದ್ದರೂ ಶ್ರಮ ವ್ಯರ್ಥವಲ್ಲ. ಕಂಡುದನ್ನು ಸಂದೇಹಿಸಿ, ಒರೆಗೆ ಹಚ್ಚಿ, ಆಮೇಲೆ ಮಾತಾಡುವ ಅಭ್ಯಾಸವು ಮಗುವಿಗೆ ಉಳಿಯುವುದು.